ಸ್ಕೇಟಿಂಗ್ ಕಲಿಯುವ ಮಕ್ಕಳಿಗೆ ರಸಪ್ರಶ್ನೆ ನಡೆಸುವುದು ಹೇಗೆ: ಫಿಗರ್ ಸ್ಕೇಟಿಂಗ್ ಮತ್ತು ಚಳಿಗಾಲದ ಒಲಿಂಪಿಕ್ಸ್ ಕುರಿತ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಮಕ್ಕಳಿಗೆ ಸ್ಕೇಟಿಂಗ್ ಎಂದರೆ ಚಕ್ರದ ಸ್ಕೇಟಿಂಗ್; ಅದು ನಡೆಯುವುದು ಬಡಾವಣೆಯ ಪಾರ್ಕಿನ ಮಗ್ಗುಲಲ್ಲಿರುವ ಸಿಮೆಂಟ್ ಅಂಗಳದಲ್ಲಿ. ಮಳೆ ಬಂದರೆ ಅಂಗಳ ಜಾರುತ್ತದೆ, ಬೇರಿಂಗಿಗೆ ನೀರು ಹೋಗಿ ತುಕ್ಕು ಹಿಡಿಯುತ್ತದೆ, ಕೋಚ್ ಸೀಟಿ ಊದಿ ಎಲ್ಲರನ್ನೂ ಶೆಡ್ಡಿನ ಕೆಳಗೆ ಕೂರಿಸುತ್ತಾರೆ. ಹಾಗೆ ಕೂತ ಇಪ್ಪತ್ತು ಮಕ್ಕಳನ್ನು ಒಂದು ಗಂಟೆ ಸುಮ್ಮನಿರಿಸಲು ನಾನು ಆರಂಭಿಸಿದ ರಸಪ್ರಶ್ನೆ, ಮುಂದೆ ಟೊರಾಂಟೊ ಸಮೀಪದ ತಂಗಿಯ ಮನೆಗೆ ಹೋದಾಗ ನಿಜವಾದ ಐಸ್ ಮೇಲೆ ಕಲಿಯುವ ಅವಳ ಮಕ್ಕಳು ಮತ್ತು ಅವರ ಗೆಳೆಯರ ಎದುರಿಗೂ ನಡೆಯಿತು. ಎರಡೂ ಕಡೆ ಮಾಡಿ, ತಪ್ಪಿ, ತಿದ್ದಿಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಪ್ರಶ್ನೆಗಳೂ ಉತ್ತರಗಳೂ ಆಯಾ ಜಾಗದಲ್ಲೇ ಇವೆ. ಹಾಗೆಯೇ ಎತ್ತಿಕೊಂಡು ಬಳಸಬಹುದು.

ಆರಂಭಕ್ಕೆ ಮೊದಲು ಒಂದು ಮಾತು. ಇಸವಿ ಮತ್ತು ಹೆಸರುಗಳನ್ನು ಕಂಠಪಾಠ ಮಾಡಿಸುವ ಪ್ರಶ್ನೆಗಳಿಗೆ ಮಕ್ಕಳು ಹತ್ತು ನಿಮಿಷಕ್ಕೇ ಬೇಸರಗೊಳ್ಳುತ್ತಾರೆ. “ಆಕ್ಸೆಲ್ ಜಿಗಿತವನ್ನು ಮೊದಲು ಮಾಡಿದವರು ಯಾರು?” ಎಂದು ಕೇಳಿದರೆ ಹೆಸರು ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಆಕಾಶ ನೋಡುತ್ತಾರೆ. ಅದನ್ನೇ “ಆರು ಜಿಗಿತಗಳಲ್ಲಿ ಒಂದೇ ಒಂದು ಮುಖ ಮುಂದಿಟ್ಟು ಮೇಲೇಳುತ್ತದೆ, ಅದು ಯಾವುದು, ಹಾಗಾದರೆ ಅದರಲ್ಲಿ ಎಷ್ಟು ಸುತ್ತು ಬರಬೇಕು?” ಎಂದು ಕೇಳಿ ನೋಡಿ, ಮಕ್ಕಳು ಎದ್ದು ನಿಂತು, ಕಾಲು ಆಡಿಸಿ, ತಿರುಗಿ ನೋಡಿ ಉತ್ತರ ಹುಡುಕುತ್ತಾರೆ. ಸ್ಕೇಟಿಂಗ್ ಕಲಿಯುವ ಮಗುವಿಗೆ ಎಷ್ಟೋ ಉತ್ತರಗಳು ಬಾಯಿಗಿಂತ ಮೊದಲು ಕಾಲಿಗೆ ಗೊತ್ತಿರುತ್ತವೆ. ಪ್ರಶ್ನೆಗಳನ್ನು ಅಲ್ಲಿಂದಲೇ ಆರಂಭಿಸಬೇಕು ಎಂಬುದು ಈ ಇಡೀ ಮಾರ್ಗದರ್ಶಿಯ ಹಿಂದಿರುವ ನನ್ನ ಅಭಿಪ್ರಾಯ.

ಮೊದಲ ಹೆಜ್ಜೆ: ಎದುರಿಗೆ ಕೂರುವವರು ಯಾರೆಂದು ನೋಡಿಕೊಳ್ಳಿ

ಎಂಟು ವರ್ಷಕ್ಕಿಂತ ಚಿಕ್ಕವರಿಗೆ ಇಸವಿಗಳನ್ನು ಕೇಳಲೇಬೇಡಿ. ಕೈಯಲ್ಲಿ ಹಿಡಿಯುವ ವಸ್ತು, ಚಿತ್ರ ಮತ್ತು ನೆಲದ ಮೇಲೆ ಮಾಡಿ ತೋರಿಸುವ ಚಲನೆ ಇಷ್ಟೇ ಸಾಕು. ಎಂಟರಿಂದ ಹನ್ನೆರಡರವರೆಗಿನವರು ಕಥೆಯಿರುವ ಪ್ರಶ್ನೆಗಳನ್ನು ಇಷ್ಟಪಡುತ್ತಾರೆ. ಅದಕ್ಕೂ ದೊಡ್ಡವರು ನಿಯಮಗಳ ಬಗ್ಗೆ ವಾದ ಮಾಡಲು ಕಾಯುತ್ತಿರುತ್ತಾರೆ, ಅವರಿಗೆ ಅಂಕ ಪದ್ಧತಿಯ ಸುತ್ತು ಇರಲಿ. ವಯಸ್ಸು ಬೆರೆಸಿ ಮೂರು ಅಥವಾ ನಾಲ್ಕು ಮಕ್ಕಳ ತಂಡ ಮಾಡಿ, ತಂಡದ ಅತಿ ಚಿಕ್ಕ ಮಗುವೇ ಉತ್ತರ ಹೇಳಬೇಕೆಂಬ ನಿಯಮವಿಟ್ಟರೆ ದೊಡ್ಡವರು ಚಿಕ್ಕವರ ಕಿವಿಯಲ್ಲಿ ಪಿಸುಗುಟ್ಟಿ ಕಲಿಸುವ ಕೆಲಸ ತಾನಾಗಿ ನಡೆಯುತ್ತದೆ. ನಲವತ್ತು ನಿಮಿಷಕ್ಕೆ ಇಪ್ಪತ್ತನಾಲ್ಕು ಪ್ರಶ್ನೆಗಳು ಸಾಕು, ಅದಕ್ಕಿಂತ ಹೆಚ್ಚು ಬೇಡ.

ಎರಡನೆಯ ಹೆಜ್ಜೆ: ಬ್ಲೇಡಿನಿಂದ ಆರಂಭಿಸಿ

ಮೊದಲ ಸುತ್ತಿಗೆ ಒಂದು ಟವೆಲ್ ಮತ್ತು ಅದರ ಕೆಳಗೆ ಕೆಲವು ವಸ್ತುಗಳು ಬೇಕು: ಬ್ಲೇಡಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಗಾರ್ಡ್, ಒರೆಸಿದ ಮೇಲೆ ತೊಡಿಸುವ ಬಟ್ಟೆಯ ಕವರ್, ಲೇಸ್ ಬಿಗಿಯುವ ಕೊಕ್ಕೆ, ಒಂದು ಸ್ಕ್ರೂಡ್ರೈವರ್. ಮಗು ಕೈಯನ್ನು ಟವೆಲಿನ ಕೆಳಗೆ ತೂರಿಸಿ, ನೋಡದೆ ಮುಟ್ಟಿ, ಹೆಸರು ಮತ್ತು ಉಪಯೋಗ ಎರಡನ್ನೂ ಹೇಳಬೇಕು. ಗಾರ್ಡ್ ಮತ್ತು ಬಟ್ಟೆಯ ಕವರ್‌ಗಳ ನಡುವಿನ ವ್ಯತ್ಯಾಸ ಕೇಳಿದರೆ ಅರ್ಧಕ್ಕರ್ಧ ಮಕ್ಕಳು ತಡವರಿಸುತ್ತಾರೆ. ಗಾರ್ಡ್ ಇರುವುದು ನೆಲದ ಮೇಲೆ ನಡೆಯುವಾಗ ಅಂಚು ಮೊಂಡಾಗದಿರಲು. ಅದನ್ನು ಹಾಕಿಯೇ ಚೀಲದಲ್ಲಿಟ್ಟರೆ ಒಳಗೆ ತೇವ ಉಳಿದು ಬ್ಲೇಡ್ ತುಕ್ಕು ಹಿಡಿಯುತ್ತದೆ, ಆದ್ದರಿಂದ ಮನೆಗೆ ಹೋಗುವಾಗ ಬಟ್ಟೆಯ ಕವರ್. ಈ ಒಂದು ಪ್ರಶ್ನೆಯಿಂದ ಪೋಷಕರ ದುಡ್ಡೂ ಉಳಿಯುತ್ತದೆ.

ಮುಂದಿನದು ಅಂಚುಗಳ ಪ್ರಶ್ನೆ. ಫಿಗರ್ ಸ್ಕೇಟಿನ ಬ್ಲೇಡನ್ನು ತಲೆಕೆಳಗಾಗಿ ಹಿಡಿದು ನೋಡಿದರೆ ಅದರ ತಳ ಚಪ್ಪಟೆಯಾಗಿರುವುದಿಲ್ಲ. ನಡುವೆ ಉದ್ದಕ್ಕೂ ಸಣ್ಣ ತಗ್ಗು, ಎರಡು ಪಕ್ಕದಲ್ಲಿ ಎರಡು ಅಂಚು. ಕಾಲಿನ ಒಳಬದಿಯದು ಒಳ ಅಂಚು, ಹೊರಬದಿಯದು ಹೊರ ಅಂಚು. “ಸ್ಕೇಟರ್ ಬಳಸಬಹುದಾದ ಅಂಚುಗಳು ಒಟ್ಟು ಎಷ್ಟು?” ಎಂದು ಕೇಳಿದಾಗ ಮೊದಲು ಬರುವ ಉತ್ತರ ಎರಡು, ಆಮೇಲೆ ನಾಲ್ಕು. ಪ್ರತಿಯೊಂದರ ಮೇಲೂ ಮುಂದಕ್ಕೂ ಹಿಂದಕ್ಕೂ ಜಾರಬಹುದು ಎಂದು ಯಾರಾದರೂ ನೆನಪಿಸಿಕೊಂಡರೆ ಎಂಟು ಎಂಬ ಸರಿಯುತ್ತರ ಹೊರಬರುತ್ತದೆ. ಮುಂದಿನ ಜಿಗಿತಗಳ ಸುತ್ತಿಗೆ ಈ ಎಂಟೇ ಅಡಿಪಾಯ, ಹಾಗಾಗಿ ಇದನ್ನು ಅವಸರದಲ್ಲಿ ದಾಟಬೇಡಿ.

ಬ್ಲೇಡಿನ ಮುಂತುದಿಯ ಹಲ್ಲುಗಳಿಗೆ ಟೋ ಪಿಕ್ ಎಂದು ಹೆಸರು. ಅದು ಏತಕ್ಕೆ ಎಂದರೆ ಹೊಸಬರು ನಿಲ್ಲಲು, ಬ್ರೇಕ್ ಹಾಕಲು ಎನ್ನುತ್ತಾರೆ. ಚಕ್ರದ ಸ್ಕೇಟಿನ ರಬ್ಬರ್ ಬಿರಡೆಯನ್ನು ಬಲ್ಲ ನಮ್ಮ ಮಕ್ಕಳಂತೂ ಖಂಡಿತ ಹಾಗೆಯೇ ಹೇಳುತ್ತಾರೆ. ಟೋ ಪಿಕ್ ಇರುವುದು ಜಿಗಿತಕ್ಕೆ ಮತ್ತು ಸ್ಪಿನ್ನಿಗೆ, ಅಂದರೆ ನಿಂತಲ್ಲೇ ಗಿರಗಿರನೆ ಸುತ್ತುವುದಕ್ಕೆ, ನೆರವಾಗಲು. ಮುಂದಕ್ಕೆ ಜಾರುತ್ತಾ ಅದನ್ನು ಐಸ್‌ಗೆ ಊರಿದವರು ಮೂಗು ಅಡಿಯಾಗಿ ಬೀಳುತ್ತಾರೆ. ಐಸ್ ಹಾಕಿಯ ಬ್ಲೇಡಿನಲ್ಲಿ ಈ ಹಲ್ಲುಗಳು ಇರುವುದಿಲ್ಲ, ಸ್ಪೀಡ್ ಸ್ಕೇಟಿನ ಬ್ಲೇಡ್ ಇನ್ನೂ ಉದ್ದ. ಮೂರರ ಚಿತ್ರ ತೋರಿಸಿ ಹೆಸರು ಕೇಳುವುದು ಚಿಕ್ಕವರಿಗೆ ಸುಲಭದ ಪ್ರಶ್ನೆ.

“ಫಿಗರ್ ಸ್ಕೇಟಿಂಗ್ ಎಂಬ ಹೆಸರಿನಲ್ಲಿ ಆ ‘ಫಿಗರ್’ ಯಾವುದು?” ಎಂಬುದು ಈ ಸುತ್ತಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ. ಮಕ್ಕಳು ದೇಹದ ಭಂಗಿ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಬ್ಲೇಡಿನ ಅಂಚಿನಿಂದ ಐಸ್ ಮೇಲೆ ಬರೆಯುವ ಆಕೃತಿ. ಎಂಟರ ಆಕಾರವನ್ನೂ ಅದರ ನಾನಾ ರೂಪಗಳನ್ನೂ ಸ್ಕೇಟರ್ ಒಮ್ಮೆ ಬರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹಾಯಬೇಕಿತ್ತು, ರಂಗೋಲಿಯ ಎಳೆಯ ಮೇಲೆ ಎಳೆ ಕೂರಿಸಿದಂತೆ. ತೀರ್ಪುಗಾರರು ಆಮೇಲೆ ಬಗ್ಗಿ, ಗೆರೆಗಳು ಎಷ್ಟು ಕದಲಿವೆ ಎಂದು ನೋಡುತ್ತಿದ್ದರು. ಒಂದು ಕಾಲದಲ್ಲಿ ಒಟ್ಟು ಅಂಕದ ಶೇಕಡ 60 ಭಾಗ ಈ ಕಡ್ಡಾಯ ಆಕೃತಿಗಳಿಗೇ ಮೀಸಲಾಗಿತ್ತು. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶೂಬಾ, ಸಂಗೀತಕ್ಕೆ ಜಿಗಿತ, ಸ್ಪಿನ್ನುಗಳನ್ನು ಮಾಡುವ ಫ್ರೀ ಸ್ಕೇಟಿಂಗ್‌ನಲ್ಲಿ ಏಳನೆಯವರಾದರೂ ಚಿನ್ನ ಗೆದ್ದರು, ಏಕೆಂದರೆ ಆಕೃತಿಗಳಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಗೆರೆ ನೋಡುವುದು ಟಿವಿಯಲ್ಲಿ ಯಾರಿಗೂ ಹಿಡಿಸದು. 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಆಕೃತಿಗಳು ಮರೆಯಾದವು, ಹೆಸರು ಮಾತ್ರ ಉಳಿಯಿತು. ಉತ್ತರ ಹೇಳಿದ ಮೇಲೆ ಮಕ್ಕಳಿಗೆ ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ಒಂದು ಎಂಟು ಬರೆಸಿ, ಕಣ್ಣು ತೆರೆದೇ ಅದರ ಮೇಲೆ ಎರಡನೆಯ ಸಲ ಬರೆಯಲು ಹೇಳಿ. ಕೈಯಿಂದಲೇ ಎಷ್ಟು ಕಷ್ಟವೆಂದು ತಿಳಿಯುತ್ತದೆ.

ಐಸ್ ಬಗ್ಗೆ ಒಂದೆರಡು ಪ್ರಶ್ನೆ ಇದ್ದರೆ ಚೆನ್ನ. ಒಲಿಂಪಿಕ್ ಅಳತೆಯ ರಿಂಕ್ 60 ಮೀಟರ್ ಉದ್ದ, 30 ಮೀಟರ್ ಅಗಲ. ಐಸ್ ಹೊಳಪುಗೊಳಿಸುವ ಯಂತ್ರವನ್ನು 1949ರಲ್ಲಿ ಕ್ಯಾಲಿಫೋರ್ನಿಯಾದ ಫ್ರ್ಯಾಂಕ್ ಝಾಂಬೋನಿ ರೂಪಿಸಿದರು. ಅದು ಮೇಲ್ಪದರವನ್ನು ಹೆರೆದು, ಹಿಂದೆ ಬಿಸಿನೀರು ಸವರುತ್ತಾ ಹೋಗುತ್ತದೆ. ಹೆಪ್ಪುಗಟ್ಟಬೇಕಾದ ಜಾಗಕ್ಕೆ ಬಿಸಿನೀರೇಕೆ ಎಂದು ಕೇಳಿ. ಬಿಸಿನೀರು ಮೇಲಿನ ಪದರವನ್ನು ಸ್ವಲ್ಪ ಕರಗಿಸಿ ಅದರೊಡನೆ ಬೆಸೆದುಕೊಳ್ಳುತ್ತದೆ, ಗೆರೆಗಳು ತುಂಬಿಹೋಗುತ್ತವೆ. ಮನೆಯ ಫ್ರಿಜ್ಜಿನ ಐಸ್ ಟ್ರೇ ತೋರಿಸಿ ವಿವರಿಸಿದರೆ ಚಿಕ್ಕವರಿಗೂ ಅರ್ಥವಾಗುತ್ತದೆ.

ಮೂರನೆಯ ಹೆಜ್ಜೆ: ಆರು ಜಿಗಿತಗಳನ್ನು ನೆಲದ ಮೇಲೆ ತನ್ನಿ

ಈ ಸುತ್ತಿಗೆ ಬೂಟು ಕಳಚಿಸಿ, ಕಾಲ್ಚೀಲದಲ್ಲಿ ನಿಲ್ಲಿಸಿ. ಒಂದು ಮಗು ಜಿಗಿತದ ಆರಂಭವನ್ನಷ್ಟೇ ಮಾಡಿ ತೋರಿಸುತ್ತದೆ, ಉಳಿದ ತಂಡಗಳು ಹೆಸರು ಹೇಳುತ್ತವೆ. ಜಾರುವ ನೆಲವಿದ್ದರೆ ಕಾಲ್ಚೀಲವೂ ಬೇಡ, ಬರಿಗಾಲೇ ಕ್ಷೇಮ.

ನಡೆಸುವವರು ಮೊದಲು ತಾವೇ ಇಷ್ಟನ್ನು ಮನದಟ್ಟು ಮಾಡಿಕೊಂಡಿರಬೇಕು. ಬಹುಪಾಲು ಸ್ಕೇಟರ್‌ಗಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಾರೆ. ಅವರ ಮಟ್ಟಿಗೆ ಆರೂ ಜಿಗಿತಗಳು ಇಳಿಯುವುದು ಒಂದೇ ಕಡೆ, ಬಲಗಾಲಿನ ಹಿಂದಿನ ಹೊರ ಅಂಚಿನ ಮೇಲೆ. ಹಾಗಾಗಿ ಜಿಗಿತವನ್ನು ಗುರುತಿಸಬೇಕಾದರೆ ಇಳಿಯುವುದನ್ನು ನೋಡಿ ಪ್ರಯೋಜನವಿಲ್ಲ, ಏಳುವುದನ್ನು ನೋಡಬೇಕು. ಸಾಲ್ಕೋವ್ ಏಳುವುದು ಎಡಗಾಲಿನ ಹಿಂದಿನ ಒಳ ಅಂಚಿನಿಂದ, ಲೂಪ್ ಬಲಗಾಲಿನ ಹಿಂದಿನ ಹೊರ ಅಂಚಿನಿಂದ, ಆಕ್ಸೆಲ್ ಎಡಗಾಲಿನ ಮುಂದಿನ ಹೊರ ಅಂಚಿನಿಂದ. ಈ ಮೂರರಲ್ಲಿ ಇನ್ನೊಂದು ಕಾಲಿನ ಟೋ ಪಿಕ್ ನೆರವಿಲ್ಲ. ಟೋ ಲೂಪ್‌ನಲ್ಲಿ ಬಲಗಾಲಿನ ಹಿಂದಿನ ಹೊರ ಅಂಚಿನ ಮೇಲಿದ್ದು ಎಡ ಟೋ ಪಿಕ್ ಊರುತ್ತಾರೆ. ಫ್ಲಿಪ್ ಮತ್ತು ಲುಟ್ಜ್ ಎರಡರಲ್ಲೂ ಊರುವುದು ಬಲ ಟೋ ಪಿಕ್ಕೇ, ಜಾರುವುದು ಎಡಗಾಲ ಮೇಲೆಯೇ, ಹಿಂದಕ್ಕೇ. ವ್ಯತ್ಯಾಸ ಒಂದೇ, ಫ್ಲಿಪ್ ಒಳ ಅಂಚಿನದು, ಲುಟ್ಜ್ ಹೊರ ಅಂಚಿನದು.

ಈ ಕೊನೆಯ ವ್ಯತ್ಯಾಸವನ್ನು ನಾನು ಪುಸ್ತಕದ ಮಾತಿನಲ್ಲಿ ಎಷ್ಟು ಹೇಳಿದರೂ ಯಾರ ತಲೆಗೂ ಹೋಗಿರಲಿಲ್ಲ. ತಂಗಿಯ ಊರಿನ ರಿಂಕಿನ ಪಡಸಾಲೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು, “ಅಂಕಲ್, ಲುಟ್ಜ್ ಅಂದ್ರೆ ಹೀಗೆ” ಎಂದು ರಬ್ಬರ್ ಹಾಸಿನ ಮೇಲೆ ಎಡಗಾಲಲ್ಲಿ ನಿಂತು, ಪಾದವನ್ನು ಕಿರುಬೆರಳಿನ ಕಡೆಗೆ ವಾಲಿಸಿದಳು. ಹಾಗೆ ಹಿಂದಕ್ಕೆ ಜಾರಿದರೆ ದೇಹ ತಿರುಗುತ್ತಾ ಹೋಗುವುದು ಬಲಕ್ಕೆ, ಸುತ್ತಬೇಕಾದದ್ದು ಎಡಕ್ಕೆ. ಆಮೇಲೆ ಪಾದವನ್ನು ಹೆಬ್ಬೆರಳಿನ ಕಡೆಗೆ ಹೊರಳಿಸಿ, “ಇದು ಫ್ಲಿಪ್, ಸುಲಭ” ಎಂದಳು. ಹರಿಯುವ ದಿಕ್ಕಿಗೆ ಎದುರಾಗಿ ಸುತ್ತಬೇಕಾಗಿರುವುದರಿಂದಲೇ ಲುಟ್ಜ್ ಕಷ್ಟ. ಕೊನೆಯ ಕ್ಷಣದಲ್ಲಿ ಪಾದ ಒಳಕ್ಕೆ ಹೊರಳಿಬಿಟ್ಟರೆ ಅದನ್ನು ಸ್ಕೇಟರ್‌ಗಳು ಫ್ಲಿಪ್ ಮತ್ತು ಲುಟ್ಜ್ ಕೂಡಿಸಿ ‘ಫ್ಲುಟ್ಜ್’ ಎಂದು ಗೇಲಿ ಮಾಡುತ್ತಾರೆ, ತೀರ್ಪುಗಾರರು ಅಂಕ ಕಳೆಯುತ್ತಾರೆ. ಅಂದಿನಿಂದ ಈ ಪ್ರಶ್ನೆಯನ್ನು ನಾನು ಕಿರುಬೆರಳು, ಹೆಬ್ಬೆರಳು ಎಂದೇ ಕೇಳುತ್ತೇನೆ.

ಕಾಲಿಗೆ ಜಿಗಿತ ತಿಳಿದ ಮೇಲೆ ಹೆಸರುಗಳ ಕಥೆಗೆ ಬನ್ನಿ, ಆಗ ಅವು ಅಂಟಿಕೊಳ್ಳುತ್ತವೆ. ನಾರ್ವೆಯ ಆಕ್ಸೆಲ್ ಪಾಲ್ಸೆನ್ 1882ರಲ್ಲಿ ವಿಯೆನ್ನಾದಲ್ಲಿ ಆ ಜಿಗಿತವನ್ನು ತೋರಿಸಿದ್ದು ಸ್ಪೀಡ್ ಸ್ಕೇಟ್ಸ್ ತೊಟ್ಟು. ಮುಂದೆ ನೋಡುತ್ತಾ ಎದ್ದು ಹಿಂದೆ ಜಾರುತ್ತಾ ಇಳಿಯುವುದರಿಂದ ಅದರಲ್ಲಿ ಯಾವಾಗಲೂ ಅರ್ಧ ಸುತ್ತು ಹೆಚ್ಚು. ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್ ತಮ್ಮ ಜಿಗಿತವನ್ನು 1909ರಲ್ಲಿ ಮಾಡಿದರು, ಜರ್ಮನಿಯ ವೆರ್ನರ್ ರಿಟ್‌ಬೆರ್ಗರ್ 1910ರಲ್ಲಿ ಲೂಪ್ ಮಾಡಿದರು, ಆಸ್ಟ್ರಿಯಾದ ಅಲೋಯಿಸ್ ಲುಟ್ಜ್ 1913ರಲ್ಲಿ ತಮ್ಮದನ್ನು ಮಾಡಿದರು. ಲೂಪನ್ನು ಜರ್ಮನ್ನರೂ ರಷ್ಯನ್ನರೂ ಇಂದಿಗೂ ರಿಟ್‌ಬೆರ್ಗರ್ ಎಂದೇ ಕರೆಯುತ್ತಾರೆ. ಟೋ ಲೂಪನ್ನು 1920ರ ದಶಕದಲ್ಲಿ ಮೊದಲು ಮಾಡಿದ ಅಮೆರಿಕದ ಬ್ರೂಸ್ ಮೇಪ್ಸ್ ಅವರ ಹೆಸರು ಐಸ್ ಮೇಲೆ ಉಳಿಯಲಿಲ್ಲ. ಆದರೆ ಚಕ್ರದ ಆರ್ಟಿಸ್ಟಿಕ್ ಸ್ಕೇಟಿಂಗ್‌ನಲ್ಲಿ ಅದೇ ಜಿಗಿತಕ್ಕೆ ಇಂದಿಗೂ ಮೇಪ್ಸ್ ಎಂದೇ ಹೆಸರು. ನಮ್ಮ ಬೆಂಗಳೂರಿನ ಮಕ್ಕಳಿಗೆ ಇದು ಬಹಳ ಖುಷಿ ಕೊಟ್ಟ ಸಂಗತಿ, ಐಸ್ ಮರೆತವನನ್ನು ಚಕ್ರ ನೆನಪಿಟ್ಟುಕೊಂಡಿದೆ ಎಂದು.

ಸುತ್ತುಗಳು ಹೆಚ್ಚುತ್ತಾ ಹೋದ ಬಗೆಯನ್ನು ಏಣಿಯಂತೆ ಕೇಳಬಹುದು: ಸ್ಪರ್ಧೆಯಲ್ಲಿ ಮೊದಲ ಡಬಲ್ ಆಕ್ಸೆಲ್ ಅಮೆರಿಕದ ಡಿಕ್ ಬಟನ್ ಅವರದು, 1948ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸ್‌ನಲ್ಲಿ, ಮೊದಲ ಟ್ರಿಪಲ್ ಜಿಗಿತವೂ ಅವರದೇ, 1952ರ ಓಸ್ಲೊದಲ್ಲಿ, ಅದು ಲೂಪ್. ಮಾನ್ಯತೆ ಪಡೆದ ಮೊದಲ ಕ್ವಾಡ್, ಅಂದರೆ ನಾಲ್ಕು ಸುತ್ತಿನ ಜಿಗಿತ, ಕೆನಡಾದ ಕರ್ಟ್ ಬ್ರೌನಿಂಗ್ 1988ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಾಡಿದ ಟೋ ಲೂಪ್. ಅದೇ 1988ರಲ್ಲಿ ಜಪಾನಿನ ಮಿಡೋರಿ ಇಟೊ ಸ್ಪರ್ಧೆಯಲ್ಲಿ ಟ್ರಿಪಲ್ ಆಕ್ಸೆಲ್ ಮಾಡಿದ ಮೊದಲ ಮಹಿಳೆಯಾದರು. ಕ್ವಾಡ್ ಆಕ್ಸೆಲ್ ಮಾತ್ರ 2022ರ ಸೆಪ್ಟೆಂಬರ್‌ವರೆಗೆ ಕಾಯಿತು. ಲೇಕ್ ಪ್ಲ್ಯಾಸಿಡ್‌ನಲ್ಲಿ ಅಮೆರಿಕದ ಇಲಿಯಾ ಮಲಿನಿನ್ ಅದನ್ನು ಸಾಧಿಸಿದಾಗ ಅವರಿಗೆ ಹದಿನೇಳು ವರ್ಷ. ಅದರಲ್ಲಿ ಸುತ್ತು ಎಷ್ಟು ಎಂದು ಕೇಳಿ; ಅರ್ಧ ಸುತ್ತಿನ ಪಾಠ ತಲೆಗೆ ಹೋಗಿದ್ದರೆ ನಾಲ್ಕೂವರೆ ಎಂಬ ಉತ್ತರ ಬರಬೇಕು.

ಸ್ಪಿನ್ನುಗಳಿಗೆ ತಿರುಗುವ ಕುರ್ಚಿ ಮತ್ತು ಎರಡು ನೀರಿನ ಬಾಟಲಿ ಸಾಕು. ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಕೈಗಳಲ್ಲಿ ಬಾಟಲಿ ಕೊಟ್ಟು, ಕೈ ಚಾಚಿಸಿ ನಿಧಾನವಾಗಿ ತಿರುಗಿಸಿ, ಕೈಗಳನ್ನು ಎದೆಗೆ ಎಳೆದುಕೊಂಡರೆ ವೇಗ ಏನಾಗುತ್ತದೆಂದು ಉಳಿದವರನ್ನು ಮೊದಲೇ ಕೇಳಿ. ಹೊರಗಿನಿಂದ ಯಾರೂ ತಳ್ಳದಿದ್ದರೆ ಕೋನೀಯ ಸಂವೇಗ ಬದಲಾಗದು, ತೂಕ ಅಕ್ಷಕ್ಕೆ ಹತ್ತಿರ ಬಂದಷ್ಟೂ ಸುತ್ತು ಚುರುಕಾಗುತ್ತದೆ. ತಲೆಸುತ್ತು ಬರುವ ಮಗುವನ್ನು ಇದಕ್ಕೆ ಆರಿಸಬೇಡಿ.

ನಾಲ್ಕನೆಯ ಹೆಜ್ಜೆ: “ಮೊದಲ” ಎಂಬ ಮಾತನ್ನು ಎರಡು ಸಲ ಪರೀಕ್ಷಿಸಿ

ಮೊದಲ ವರ್ಷ ನಾನು “ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಮೊದಲು ನಡೆದದ್ದು ಯಾವಾಗ?” ಎಂದು ಕೇಳಿ, ಉತ್ತರದ ಚೀಟಿಯಲ್ಲಿ 1924 ಎಂದು ಬರೆದಿಟ್ಟಿದ್ದೆ. ಚಳಿಗಾಲದ ಒಲಿಂಪಿಕ್ಸ್ ಆರಂಭವಾದದ್ದು ಆ ವರ್ಷ ಫ್ರಾನ್ಸಿನ ಶಾಮೊನಿಯಲ್ಲಿ, ಆದ್ದರಿಂದ ಇದೂ ಅಂದೇ ಇರಬೇಕೆಂದು ನನ್ನ ಲೆಕ್ಕ. ಒಬ್ಬ ಹುಡುಗ 1908 ಎಂದ. ನಾನು ತಪ್ಪು ಎಂದೆ. ಅವನು ಅಳಲಿಲ್ಲ, ಜಗಳವಾಡಲಿಲ್ಲ, ಮರುದಿನ ಒಂದು ಮುದ್ರಿತ ಹಾಳೆ ತಂದು ನನ್ನ ಮುಂದಿಟ್ಟ. ಫಿಗರ್ ಸ್ಕೇಟಿಂಗ್ 1908ರ ಲಂಡನ್ನಿನ ಬೇಸಿಗೆಯ ಒಲಿಂಪಿಕ್ಸ್‌ನಲ್ಲೇ ಇತ್ತು, ಅಕ್ಟೋಬರ್ ತಿಂಗಳಲ್ಲಿ, ಒಳಾಂಗಣದ ಕೃತಕ ಐಸ್ ಮೇಲೆ ನಡೆದಿತ್ತು. 1920ರ ಆ್ಯಂಟ್‌ವರ್ಪ್ ಕೂಟದಲ್ಲೂ ಇತ್ತು. ಅಂಕವನ್ನೂ ಕ್ಷಮೆಯನ್ನೂ ಎಲ್ಲರೆದುರು ಕೊಡಬೇಕಾಯಿತು.

ಈ ಆಟದ ‘ಮೊದಲ’, ‘ಅತಿ ಕಿರಿಯ’, ‘ಏಕೈಕ’ ಎಂಬ ಮಾತುಗಳಿಗೆಲ್ಲ ಬಾಲವಿದೆ. ಬಾಲ ಕತ್ತರಿಸಿದರೆ ಉತ್ತರ ತಪ್ಪಾಗುತ್ತದೆ. ಉದಾಹರಣೆಗೆ ಅತಿ ಕಿರಿಯ ಒಲಿಂಪಿಕ್ ಚಾಂಪಿಯನ್ ಯಾರು ಎಂದರೆ ಸಾಮಾನ್ಯವಾಗಿ ಕೇಳಿಬರುವ ಹೆಸರು 1998ರ ನಗಾನೊದಲ್ಲಿ ಹದಿನೈದನೆಯ ವಯಸ್ಸಿನಲ್ಲಿ ಗೆದ್ದ ತಾರಾ ಲಿಪಿನ್ಸ್ಕಿ. ಮಹಿಳೆಯರ ಸಿಂಗಲ್ಸ್ ಎಂಬ ಬಾಲ ಇದ್ದರೆ ಮಾತ್ರ ಅದು ಸರಿ. 1936ರಲ್ಲಿ ಜೋಡಿ ವಿಭಾಗದಲ್ಲಿ ಗೆದ್ದ ಜರ್ಮನಿಯ ಮ್ಯಾಕ್ಸಿ ಹೆರ್ಬರ್‌ಗೆ ಹದಿನೈದು ತುಂಬಿ ನಾಲ್ಕು ತಿಂಗಳಷ್ಟೇ ಆಗಿತ್ತು. ಲಿಪಿನ್ಸ್ಕಿಗೆ ಎಂಟು ತಿಂಗಳು. 2014ರ ಸೋಚಿಯಲ್ಲಿ ತಂಡ ವಿಭಾಗದ ಚಿನ್ನ ಪಡೆದ ರಷ್ಯಾದ ಯೂಲಿಯಾ ಲಿಪ್ನಿಟ್ಸ್ಕಾಯಾ ಕೂಡ ಲಿಪಿನ್ಸ್ಕಿಗಿಂತ ಕೆಲವೇ ದಿನಗಳಷ್ಟು ಚಿಕ್ಕವರಾಗಿದ್ದರು. ದೊಡ್ಡ ಮಕ್ಕಳಿಗೆ ಇದನ್ನೇ ತಿರುಗಿಸಿ, “ಲಿಪಿನ್ಸ್ಕಿಯ ದಾಖಲೆಯನ್ನು ಈಗ ಯಾರೂ ಮುರಿಯಲಾಗದು, ಏಕೆ?” ಎಂದು ಕೇಳಿ. 2024-25ರ ಋತುವಿನಿಂದ ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸು 17 ಆಗಿದೆ; ಆ ನಿಯಮ ಇರುವವರೆಗೆ ಹದಿನೈದರವರು ಅಲ್ಲಿಗೆ ಬರುವಂತಿಲ್ಲ.

ಕಥೆಯಿರುವ ಪ್ರಶ್ನೆಗಳಲ್ಲಿ ಮಕ್ಕಳ ಮುಖ ಅರಳಿಸುವುದು ಮ್ಯಾಜ್ ಸೈಯರ್ಸ್ ಅವರದು. 1902ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗಂಡಸರದೆಂದು ಎಲ್ಲರೂ ಭಾವಿಸಿದ್ದರು, ಆದರೆ ಹೆಂಗಸರು ಬರಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಈ ಇಂಗ್ಲಿಷ್ ಮಹಿಳೆ ಹೆಸರು ಕೊಟ್ಟರು, ಸ್ಪರ್ಧಿಸಿದರು, ಸಾಲ್ಕೋವ್ ನಂತರ ಎರಡನೆಯವರಾದರು. ಆಮೇಲೆ ಆಡಳಿತದವರು ಹೆಂಗಸರನ್ನು ನಿಷೇಧಿಸಿದರು, ಕೊನೆಗೆ 1906ರಲ್ಲಿ ಪ್ರತ್ಯೇಕ ಸ್ಪರ್ಧೆಯನ್ನೇ ತೆರೆದರು. ಅದನ್ನು ಗೆದ್ದವರೂ ಸೈಯರ್ಸ್, 1908ರ ಒಲಿಂಪಿಕ್ ಚಿನ್ನವೂ ಅವರದೇ. ಇನ್ನೊಂದು ನಾರ್ವೆಯ ಸೋನ್ಯಾ ಹೆನಿಯ ಕಥೆ: 1924ರ ಶಾಮೊನಿಯಲ್ಲಿ ಹನ್ನೊಂದು ವರ್ಷದ ಆಕೆ ಎಂಟು ಮಂದಿಯಲ್ಲಿ ಎಂಟನೆಯವಳು; ಮುಂದಿನ ಮೂರು ಕೂಟಗಳಲ್ಲಿ, 1928, 1932, 1936ರಲ್ಲಿ, ಚಿನ್ನ ಗೆದ್ದದ್ದೂ ಆಕೆಯೇ. ರಸಪ್ರಶ್ನೆಯ ದಿನವೇ ಯಾವುದಾದರೂ ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಬಂದ ಮಗು ಗುಂಪಿನಲ್ಲಿದ್ದರೆ ಈ ಪ್ರಶ್ನೆಯನ್ನು ಆ ಮಗುವಿನ ತಂಡಕ್ಕೆ ಬರುವಂತೆ ನೋಡಿಕೊಳ್ಳಿ, ಏನೂ ವಿವರಣೆ ಕೊಡಬೇಡಿ.

ಪ್ರತಿ ಚೀಟಿಯ ಹಿಂಬದಿಯಲ್ಲಿ ಆ ಉತ್ತರವನ್ನು ಎಲ್ಲಿ, ಯಾವ ದಿನ ನೋಡಿದಿರಿ ಎಂದು ಪೆನ್ಸಿಲ್ಲಿನಲ್ಲಿ ಬರೆದಿಡಿ. ಒಂದು ಕಡೆ ಕಂಡದ್ದನ್ನು ಅಧಿಕೃತ ಫಲಿತಾಂಶ ಪಟ್ಟಿಯಲ್ಲಿ ಮತ್ತೊಮ್ಮೆ ತಾಳೆ ನೋಡಿ. ನಿಯಮ ಮತ್ತು ದಾಖಲೆಗಳ ಪ್ರಶ್ನೆಗಳನ್ನು ಪ್ರತಿ ವರ್ಷ ಮರುಪರಿಶೀಲಿಸಬೇಕು, ಹಳೆಯ ಚಾಂಪಿಯನ್ನರ ಪ್ರಶ್ನೆಗಳಿಗೆ ಆ ತೊಂದರೆ ಇಲ್ಲ.

ಐದನೆಯ ಹೆಜ್ಜೆ: ಅಂಕಗಳನ್ನು ಒಗಟಾಗಿಸಿ

ದೊಡ್ಡ ಮಕ್ಕಳಿಗೆ ಅತ್ಯುತ್ತಮವಾದ ಒಗಟು 1984ರ ಸರಾಯೆವೊದಿಂದ ಬರುತ್ತದೆ. ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಐಸ್ ಡ್ಯಾನ್ಸ್‌ನಲ್ಲಿ ರವೆಲ್‌ನ ‘ಬೊಲೆರೊ’ಗೆ ಕುಣಿದರು. ನಿಯಮದಂತೆ ಸಮಯದ ಮಿತಿ 4 ನಿಮಿಷ 10 ಸೆಕೆಂಡ್, ಅವರು ಎಷ್ಟು ಕತ್ತರಿಸಿದರೂ ಸಂಗೀತ 4 ನಿಮಿಷ 28 ಸೆಕೆಂಡಿಗಿಂತ ಇಳಿಯಲಿಲ್ಲ. ಆದರೂ ಅವರಿಗೆ ದಂಡ ಬೀಳಲಿಲ್ಲ. ಹೇಗೆ? ಮಕ್ಕಳು ಸಂಗೀತವನ್ನು ವೇಗವಾಗಿ ಬಾರಿಸಿದರು, ತೀರ್ಪುಗಾರರು ಗಮನಿಸಲಿಲ್ಲ ಎಂದೆಲ್ಲ ಊಹಿಸುತ್ತಾರೆ. ಗಡಿಯಾರ ಓಡಲು ಆರಂಭಿಸುವುದು ಬ್ಲೇಡ್ ಐಸ್ ಮೇಲೆ ಜಾರತೊಡಗಿದಾಗ ಎಂಬ ಸುಳಿವು ಕೊಡಿ, ಒಂದು ನಿಮಿಷ ಬಿಡಿ. ಅವರಿಬ್ಬರೂ ಮೊಣಕಾಲೂರಿ ಕೂತು, ಕೈ ಮತ್ತು ಮೈಯಷ್ಟನ್ನೇ ಆಡಿಸುತ್ತಾ ಮೊದಲ ಹದಿನೆಂಟು ಸೆಕೆಂಡ್ ಕಳೆದರು. ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ ಆಗಿನ ಗರಿಷ್ಠ ಅಂಕವಾದ 6.0 ಕೊಟ್ಟರು, ಒಟ್ಟು ಹನ್ನೆರಡು 6.0.

ಆ 6.0 ಈಗ ಇಲ್ಲವೇಕೆ ಎಂಬುದು ಮುಂದಿನ ಪ್ರಶ್ನೆ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿ ವಿಭಾಗದ ತೀರ್ಪಿನ ಬಗ್ಗೆ ದೊಡ್ಡ ಗಲಾಟೆಯಾಗಿ, ಕೊನೆಗೆ ರಷ್ಯಾ ಮತ್ತು ಕೆನಡಾದ ಎರಡೂ ಜೋಡಿಗಳಿಗೆ ಚಿನ್ನ ಕೊಡಬೇಕಾಯಿತು. ಅದರ ಫಲವಾಗಿ 2004ರಲ್ಲಿ ಹೊಸ ಪದ್ಧತಿ ಬಂತು. ಈಗ ಪ್ರತಿ ಜಿಗಿತ, ಸ್ಪಿನ್ನಿಗೂ ಮೂಲ ಅಂಕವಿದೆ. ಅದನ್ನು ಮಾಡಿದ ಅಂದಕ್ಕೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ಕೊಡುತ್ತಾರೆ.

ಹಿಮ್ಮುಖ ಲಾಗದ, ಅಂದರೆ ಬ್ಯಾಕ್‌ಫ್ಲಿಪ್‌ನ, ಪ್ರಶ್ನೆಯನ್ನು ಬಿಟ್ಟರೆ ಮಕ್ಕಳು ಕ್ಷಮಿಸುವುದಿಲ್ಲ. 1976ರ ಇನ್ಸ್‌ಬ್ರುಕ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಅದನ್ನು ಮಾಡಿದ ಬಳಿಕ ಅದು ನಿಷಿದ್ಧವಾಯಿತು. 1998ರ ನಗಾನೊದಲ್ಲಿ ಫ್ರಾನ್ಸಿನ ಸೂರ್ಯಾ ಬೊನಾಲಿ, ಅಂಕ ಹೋಗುತ್ತದೆಂದು ಗೊತ್ತಿದ್ದೂ, ಲಾಗ ಹಾಕಿ ಒಂಟಿಗಾಲಲ್ಲಿ ಇಳಿದರು. 2024ರಲ್ಲಿ ನಿಷೇಧ ತೆಗೆದರು. ಇದನ್ನು ಮಾತ್ರ ನೆಲದ ಮೇಲೆ ಮಾಡಿ ತೋರಿಸಲು ಯಾರಿಗೂ ಹೇಳಬೇಡಿ, ಉತ್ಸಾಹಿಗಳು ಇದ್ದೇ ಇರುತ್ತಾರೆ.

ಆರನೆಯ ಹೆಜ್ಜೆ: ರಿಂಕಿನಿಂದ ಹೊರಗೆ ಬನ್ನಿ

ಚಳಿಗಾಲದ ಕೂಟಗಳ ಸಾಮಾನ್ಯ ಪ್ರಶ್ನೆಗಳು ಆರೇಳು ಇದ್ದರೆ ಸಾಕು. ಬೇಸಿಗೆಯ ಮತ್ತು ಚಳಿಗಾಲದ ಎರಡೂ ಕೂಟಗಳನ್ನು ನಡೆಸಿದ ಮೊದಲ ನಗರ ಬೀಜಿಂಗ್, 2008 ಮತ್ತು 2022ರಲ್ಲಿ. 1992ರ ಆಲ್ಬರ್ಟ್‌ವಿಲ್ ಆದ ಎರಡೇ ವರ್ಷಕ್ಕೆ 1994ರ ಲಿಲ್ಲೆಹಾಮ್ಮರ್ ಬಂದದ್ದು, ಎರಡು ಬಗೆಯ ಕೂಟಗಳು ಒಂದೇ ವರ್ಷ ಬೀಳದಿರಲೆಂದು. ಐಸ್ ಮೇಲೆ ಕಲ್ಲು ಜಾರಿಸಿ ಗುರಿ ಮುಟ್ಟಿಸುವ ಕರ್ಲಿಂಗ್ ಆಟದ ಕಲ್ಲುಗಳ ಗ್ರಾನೈಟ್ ಬರುವುದು ಸ್ಕಾಟ್ಲೆಂಡಿನ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ. 2002ರಲ್ಲಿ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗಿನ 1000 ಮೀಟರ್ ಓಟದ ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಬಿದ್ದು, ಹಿಂದೆ ಒಬ್ಬರೇ ಬರುತ್ತಿದ್ದ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ ಬೀಳದೆ ಉಳಿದು ಚಿನ್ನ ಗೆದ್ದರು. ಇದರ ವಿಡಿಯೊವನ್ನು ಕೊನೆಯ ತಿರುವಿಗೆ ಮುಂಚೆ ನಿಲ್ಲಿಸಿ, ಗೆಲ್ಲುವವರು ಯಾರೆಂದು ಕೇಳಿ.

ಭಾರತದ ಪ್ರಶ್ನೆಗಳು ಇರಲೇಬೇಕು. ನಮ್ಮ ದೇಶ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲು ಕಾಲಿಟ್ಟದ್ದು 1964ರಲ್ಲಿ, ಪೋಲೆಂಡ್ ಮೂಲದ ಸ್ಕೀಯರ್ ಜೆರೆಮಿ ಬುಯಾಕೋವ್ಸ್ಕಿ ಅವರ ಮೂಲಕ. ಹಿಮಾಚಲದ ಶಿವ ಕೇಶವನ್ ಹದಿನಾರನೆಯ ವಯಸ್ಸಿನಲ್ಲಿ ನಗಾನೊದಿಂದ ಆರಂಭಿಸಿ 2018ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಲೂಜ್‌ನಲ್ಲಿ, ಅಂದರೆ ಸ್ಲೆಡ್ಡಿನ ಮೇಲೆ ಮಲಗಿ ಐಸ್ ಹಾದಿಯಲ್ಲಿ ಜಾರುವ ಆಟದಲ್ಲಿ, ಸ್ಪರ್ಧಿಸಿದರು. ಐಸ್ ಟ್ರ್ಯಾಕ್ ಇಲ್ಲದ ಕಾರಣ ತಮ್ಮ ಸ್ಲೆಡ್ಡಿಗೆ ಚಕ್ರ ಜೋಡಿಸಿ ಬೆಟ್ಟದ ರಸ್ತೆಗಳಲ್ಲಿ ಅಭ್ಯಾಸ ಮಾಡುತ್ತಿದ್ದರು. 2014ರ ಸೋಚಿಯ ಉದ್ಘಾಟನೆಯಲ್ಲಿ ಭಾರತೀಯರು ಒಲಿಂಪಿಕ್ ಧ್ವಜದಡಿ ನಡೆದು, ಸಮಾರೋಪದ ಹೊತ್ತಿಗೆ ತ್ರಿವರ್ಣ ಮರಳಿದ್ದೇಕೆ ಎಂದು ಕೇಳಬಹುದು: ಅಮಾನತಿನಲ್ಲಿದ್ದ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಕೂಟದ ನಡುವೆ ಮಾನ್ಯತೆ ಮರಳಿ ಸಿಕ್ಕಿತು. 2022ರಲ್ಲಿ ಭಾರತದಿಂದ ಹೋದವರು ಕಾಶ್ಮೀರದ ಆರಿಫ್ ಖಾನ್ ಒಬ್ಬರೇ, ಸ್ಕೀಯಿಂಗಿನ ಜೈಂಟ್ ಸ್ಲಾಲಂನಲ್ಲಿ 45ನೆಯ ಸ್ಥಾನ. ಆ ಕೂಟದವರೆಗೆ ಫಿಗರ್ ಸ್ಕೇಟಿಂಗ್‌ನಲ್ಲಿ ಭಾರತದ ಹೆಸರಿನಲ್ಲಿ ಯಾರೂ ಒಲಿಂಪಿಕ್ಸ್ ಐಸ್ ಮುಟ್ಟಿರಲಿಲ್ಲ.

ಏಳನೆಯ ಹೆಜ್ಜೆ: ಪ್ರಶ್ನೆಯ ಮಾತನ್ನು ತಿದ್ದಿ, ಆಟವನ್ನು ನಡೆಸಿ

ಆಯ್ಕೆಗಳನ್ನು ಕೊಡುವುದಾದರೆ ತಪ್ಪು ಆಯ್ಕೆಗಳೂ ನಂಬುವಂತಿರಲಿ. ಲುಟ್ಜ್ ಯಾವ ದೇಶದವರು ಎಂಬುದಕ್ಕೆ ಆಸ್ಟ್ರಿಯಾ, ಜರ್ಮನಿ, ಸ್ವೀಡನ್ ಸರಿ. ಜೊತೆಗೆ ಶ್ರೀಲಂಕಾ ಸೇರಿಸಿದರೆ ಅದು ಲೆಕ್ಕಕ್ಕಿಲ್ಲ. ಹೆಸರುಗಳನ್ನು ಮೊದಲೇ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳಿ, ಮತ್ತು ಮಕ್ಕಳ ಉಚ್ಚಾರ ಹತ್ತಿರ ಬಂದರೆ ಒಪ್ಪಿಕೊಳ್ಳಿ. ಕೆನಡಾದಲ್ಲಿ ಬೆಳೆದ ಮಕ್ಕಳು ಸಾಲ್ಕೋವ್‌ನನ್ನು ‘ಸಾವ್‌ಕಾವ್’ ಎನ್ನುತ್ತಾರೆ, ಅದಕ್ಕೆ ಅಂಕ ಕಳೆದರೆ ಜಗಳ ಖಾತ್ರಿ.

ವಸ್ತುಗಳ ಸುತ್ತು ಮೊದಲು, ಜಿಗಿತಗಳದು ಎರಡನೆಯದು, ಕೂತು ಯೋಚಿಸುವ ಒಗಟುಗಳು ಮೈ ದಣಿದ ಮೇಲೆ. ತಪ್ಪು ಉತ್ತರಕ್ಕೆ ಅಂಕ ಕಳೆಯದಿರುವುದು ಒಳ್ಳೆಯದು, ಏಕೆಂದರೆ ಕಳೆದರೆ ಚಿಕ್ಕವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ಪ್ರಶ್ನೆ ವಿವಾದಕ್ಕೀಡಾದರೆ ಆ ಪ್ರಶ್ನೆಯನ್ನೇ ಕೈಬಿಟ್ಟು ಮುಂದಕ್ಕೆ ಹೋಗಿ, ಸರಿ ತಪ್ಪನ್ನು ಮುಂದಿನ ವಾರ ತಿಳಿಸುವುದಾಗಿ ಹೇಳಿ, ಮರೆಯದೆ ತಿಳಿಸಿ. ಎರಡು ತಂಡಗಳು ಸಮ ಬಂದರೆ ಸ್ಕೇಟಿಂಗ್‌ನ ಕ್ರಮವನ್ನೇ ಅನುಸರಿಸಬಹುದು: ಸಿಂಗಲ್ಸ್‌ನಲ್ಲಿ ಒಟ್ಟು ಅಂಕ ಸಮವಾದರೆ ಫ್ರೀ ಸ್ಕೇಟಿಂಗ್‌ನಲ್ಲಿ ಹೆಚ್ಚು ಪಡೆದವರು ಮುಂದೆ, ನಮ್ಮಲ್ಲಿ ಒಗಟಿನ ಸುತ್ತಿನಲ್ಲಿ ಹೆಚ್ಚು ಪಡೆದವರು ಮುಂದೆ. ಬಹುಮಾನವಾಗಿ ಟ್ರೋಫಿ ಬೇಡ; ಒಂದು ಜೊತೆ ಹೊಸ ಲೇಸ್, ಬ್ಲೇಡ್ ಅಥವಾ ಚಕ್ರ ಒರೆಸುವ ಬಟ್ಟೆ ಕೊಟ್ಟರೆ ಮರುದಿನವೇ ಬಳಕೆಗೆ ಬರುತ್ತದೆ.

1908 ಎಂದ ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಚೀಟಿಗಳ ಕಟ್ಟು ಮೊದಲು ಅವನ ಕೈಗೆ ಹೋಗುತ್ತದೆ. ಕಳೆದ ಸಲ ನಾಲ್ಕರ ಮೇಲೆ ಕೆಂಪು ಗೆರೆ ಎಳೆದು ಹಿಂದಿರುಗಿಸಿದ.